ಹಿನ್ನೆಲೆಯನ್ನು ಕಳೆಯುವ ವಿವೇಕ: ರಾಮನ್ ರೋಹಿತದಿಂದ ಗ್ರಂಥಸಂಪಾದನೆಯವರೆಗೆ

1. ಪ್ರಸ್ತಾವನೆ

ಕನ್ನಡ ಸಂಶೋಧನ ಬರವಣಿಗೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದಗಳಲ್ಲಿ 'ಹಿನ್ನೆಲೆ' ಎಂಬುದೂ ಒಂದು. ಚಾರಿತ್ರಿಕ ಹಿನ್ನೆಲೆ, ಸಾಮಾಜಿಕ ಹಿನ್ನೆಲೆ, ಸಾಂಸ್ಕೃತಿಕ ಹಿನ್ನೆಲೆ ಎಂದು ನಮ್ಮ ಮಹಾಪ್ರಬಂಧಗಳು ಮೊದಲ ಅಧ್ಯಾಯವನ್ನು ಕಟ್ಟಿಕೊಳ್ಳುತ್ತವೆ. ಸಾಹಿತ್ಯದ ವಿದ್ಯಾರ್ಥಿಗೆ ಹಿನ್ನೆಲೆ ಎಂದರೆ ಕೃತಿಗೆ ಸೇರಿಸಬೇಕಾದದ್ದು. ಅದಿಲ್ಲದೆ ಅರ್ಥ ಪೂರ್ಣವಾಗದು. ಇದೇ ಪದ ಭೌತವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಇದಕ್ಕೆ ನೇರ ವಿರುದ್ಧವಾದ ಕೆಲಸವನ್ನು ಸೂಚಿಸುತ್ತದೆ. ಅಲ್ಲಿ ಹಿನ್ನೆಲೆ ಎಂದರೆ ಕಳೆಯಬೇಕಾದದ್ದು. ಅದನ್ನು ಕಳೆಯದೆ ವಸ್ತುವಿನ ಗುರುತು ಸಿಗದು. ಒಂದೇ ಪದ ಎರಡು ಜ್ಞಾನಶಾಖೆಗಳಲ್ಲಿ ಎರಡು ಬಗೆಯ ಶಿಸ್ತನ್ನು ಬೇಡುವ ಈ ಸಂಗತಿಯೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ.

ರಾಮನ್ ರೋಹಿತದರ್ಶನದಲ್ಲಿ ಹಿನ್ನೆಲೆಯ ಸಂಕೇತವನ್ನು ಹೇಗೆ ಗುರುತಿಸುತ್ತಾರೆ, ಹೇಗೆ ಕಳೆಯುತ್ತಾರೆ, ಕಳೆಯುವಾಗ ಯಾವ ತಪ್ಪುಗಳು ನುಸುಳುತ್ತವೆ ಎಂಬುದನ್ನು ವಿವರಿಸುವುದು ಈ ಲೇಖನದ ಮೊದಲ ಉದ್ದೇಶ. ಆ ವಿವೇಚನೆಯಿಂದ ಗ್ರಂಥಸಂಪಾದನೆಗೂ ಜಾನಪದ ಕ್ಷೇತ್ರಕಾರ್ಯಕ್ಕೂ ದೊರೆಯುವ ತಿಳಿವಳಿಕೆಯನ್ನು ಪರಿಶೀಲಿಸುವುದು ಎರಡನೆಯದು. ಉದಾಹರಣೆಗಳನ್ನು ಸಾಧ್ಯವಾದಷ್ಟೂ ಕಾರವಾರ ಮತ್ತು ಅಂಕೋಲೆಯ ಕಡಲತಡಿಯ ವಸ್ತುಗಳಿಂದಲೇ ಆಯ್ದುಕೊಳ್ಳಲಾಗಿದೆ. ಕೇಣಿ, ಬೇಲೇಕೇರಿಯ ಮರಳಿನಲ್ಲಿ ಸಿಗುವ ಚಿಪ್ಪು, ಉಪ್ಪಿನ ಹರಳು, ಕಾಳಿನದಿಯ ನೀರು, ತಾಳೆಗರಿಯ ಮಸಿ ಇವೆಲ್ಲವೂ ರಾಮನ್ ರೋಹಿತದ ಸಮಸ್ಯೆಯನ್ನು ಸ್ಪಷ್ಟಪಡಿಸಬಲ್ಲ ವಸ್ತುಗಳೇ ಆಗಿವೆ.

2. ದೋಷವೆಂದು ತೋರಿದ ಬೆಳಕು

ಒಂದು ವಸ್ತುವಿನ ಮೇಲೆ ಒಂದೇ ಬಣ್ಣದ ಬೆಳಕನ್ನು ಹಾಯಿಸಿದಾಗ ಚದರುವ ಬೆಳಕಿನ ಬಹುಪಾಲು ಅದೇ ಬಣ್ಣದ್ದಾಗಿರುತ್ತದೆ. ಆದರೆ ಅತ್ಯಲ್ಪ ಅಂಶವೊಂದು, ಸ್ಥೂಲವಾಗಿ ಹೇಳುವುದಾದರೆ ಕೋಟಿಯಲ್ಲೊಂದು ಬೆಳಕಿನ ಕಣ, ಅಣುಗಳ ಕಂಪನಕ್ಕೆ ತನ್ನ ಶಕ್ತಿಯ ಸ್ವಲ್ಪ ಭಾಗವನ್ನು ಕೊಟ್ಟು ಅಥವಾ ಅದರಿಂದ ಪಡೆದು ಬೇರೆ ಬಣ್ಣದ ಬೆಳಕಾಗಿ ಹೊರಬರುತ್ತದೆ. ಹೀಗೆ ಆದ ಶಕ್ತಿಯ ವ್ಯತ್ಯಾಸವು ಆ ಅಣುವಿಗೇ ವಿಶಿಷ್ಟವಾದದ್ದು. ಆದುದರಿಂದ ವ್ಯತ್ಯಾಸವನ್ನು ಅಳೆದರೆ ವಸ್ತುವಿನ ಗುರುತು ತಿಳಿಯುತ್ತದೆ. ಇದೇ ರಾಮನ್ ಪರಿಣಾಮ.

ಈ ಶೋಧದ ಚರಿತ್ರೆಯಲ್ಲಿ ಕಡಲಿಗೂ ಪಾತ್ರವಿದೆ. 1921ರಲ್ಲಿ ಇಂಗ್ಲೆಂಡಿನಿಂದ 'ನರ್ಕುಂಡಾ' ಹಡಗಿನಲ್ಲಿ ಹಿಂತಿರುಗುತ್ತಿದ್ದ ಸಿ. ವಿ. ರಾಮನ್ ಅವರು ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು, ಅದು ಆಕಾಶದ ಪ್ರತಿಬಿಂಬ ಮಾತ್ರವೆಂಬ ವಿವರಣೆಯನ್ನು ಒಪ್ಪದೆ, ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆ ಎಂಬ ವಿಚಾರವನ್ನು ಕೈಗೆತ್ತಿಕೊಂಡರು. 1923ರಲ್ಲಿ ಕಲ್ಕತ್ತೆಯಲ್ಲಿ ಅವರ ಸಹೋದ್ಯೋಗಿ ಕೆ. ಆರ್. ರಾಮನಾಥನ್ ಅವರು ದ್ರವಗಳಲ್ಲಿ ಚದರಿದ ಬೆಳಕನ್ನು ಪರೀಕ್ಷಿಸುವಾಗ, ಬಣ್ಣ ಬದಲಾದ ಮಂದವಾದೊಂದು ಬೆಳಕು ಕಾಣಿಸಿಕೊಂಡಿತು. ಅದನ್ನು ಅಂದು 'ದುರ್ಬಲ ಪ್ರತಿದೀಪ್ತಿ' ಎಂದು ಕರೆಯಲಾಯಿತು. ದ್ರವದಲ್ಲಿ ಸೇರಿದ ಕಲ್ಮಶವೇ ಇದಕ್ಕೆ ಕಾರಣವೆಂದು ಬಗೆದು ಮತ್ತೆ ಮತ್ತೆ ಶುದ್ಧೀಕರಿಸಿದರೂ ಆ ಬೆಳಕು ಹೋಗಲಿಲ್ಲ. 1928ರ ಆರಂಭದ ವೇಳೆಗೆ ಗ್ಲಿಸರಿನ್‌ನಲ್ಲಿ ಎಸ್. ವೆಂಕಟೇಶ್ವರನ್ ಅವರು ಕಂಡ ಇಂಥದೇ ಬೆಳಕು ಬಲವಾಗಿ ಧ್ರುವೀಕೃತವಾಗಿತ್ತು. ಸಾಮಾನ್ಯ ಪ್ರತಿದೀಪ್ತಿ ಹಾಗಿರುವುದಿಲ್ಲ. 1928ರ ಫೆಬ್ರವರಿ 28ರಂದು ರಾಮನ್ ಅವರು ಕೆ. ಎಸ್. ಕೃಷ್ಣನ್ ಅವರೊಡನೆ ಈ ಬೆಳಕಿನ ನಿಜಸ್ವರೂಪವನ್ನು ಖಚಿತಪಡಿಸಿಕೊಂಡರು. ಮಾರ್ಚ್ 16ರಂದು ಬೆಂಗಳೂರಿನಲ್ಲಿ ಮಾಡಿದ ಉಪನ್ಯಾಸದಲ್ಲಿ 'ಹೊಸ ವಿಕಿರಣ'ವನ್ನು ವಿವರಿಸಿದರು. 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1933ರಲ್ಲಿ ಅವರು ಬೆಂಗಳೂರಿಗೇ ಬಂದು ನೆಲಸಿದ್ದು ಸರ್ವವಿದಿತ.

ನಮ್ಮ ವಿವೇಚನೆಗೆ ಇಲ್ಲಿ ಮುಖ್ಯವಾದದ್ದು ನೊಬೆಲ್ ಪಾರಿತೋಷಕವಲ್ಲ. ಕಲ್ಮಶದಿಂದ ಬಂದ ದೋಷವೆಂದು ಐದು ವರ್ಷಗಳ ಕಾಲ ಭಾವಿಸಲಾಗಿದ್ದ ಬೆಳಕೇ ಕೊನೆಗೆ ಮುಖ್ಯ ಸಂಗತಿಯಾಯಿತು ಎಂಬುದು. ಆ ಮಂದ ಬೆಳಕನ್ನು ಹಿನ್ನೆಲೆಯೆಂದು ಕಳೆದುಬಿಟ್ಟಿದ್ದರೆ ಶೋಧವೂ ಅದರೊಡನೆ ಹೋಗುತ್ತಿತ್ತು. ಇಂದು ರಾಮನ್ ರೋಹಿತದ ಕಡುವೈರಿಯೆಂದರೆ ಪ್ರತಿದೀಪ್ತಿಯೇ. ತನ್ನ ಹುಟ್ಟಿನಲ್ಲೇ ಪ್ರತಿದೀಪ್ತಿಯೆಂದು ಹೆಸರು ಪಡೆದಿದ್ದ ವಿದ್ಯಮಾನಕ್ಕೆ ಅದೇ ವೈರಿಯಾದದ್ದು ಸ್ವಾರಸ್ಯಕರವಾಗಿದೆ.

3. ಗುಡ್ಡ ಮತ್ತು ತೆಂಗಿನಮರ

ರಾಮನ್ ರೋಹಿತವೆಂದರೆ ಒಂದು ನಕ್ಷೆ. ಅಡ್ಡಗೆರೆಯ ಮೇಲೆ ಶಕ್ತಿಯ ವ್ಯತ್ಯಾಸವನ್ನು ತರಂಗಸಂಖ್ಯೆಯಲ್ಲಿ, ಅಂದರೆ ಒಂದು ಸೆಂಟಿಮೀಟರಿಗೆ ಇಷ್ಟು ಅಲೆಗಳು ಎಂಬ ಮಾನದಲ್ಲಿ, ಗುರುತಿಸುತ್ತಾರೆ. ಲಂಬಗೆರೆಯ ಮೇಲೆ ಬೆಳಕಿನ ತೀವ್ರತೆಯನ್ನು ಗುರುತಿಸುತ್ತಾರೆ. ಅಣುವಿನ ಒಂದೊಂದು ಕಂಪನಕ್ಕೂ ಒಂದೊಂದು ಚೂಪಾದ ಶಿಖರ ಏಳುತ್ತದೆ. ಚಿಪ್ಪನ್ನು ಕಟ್ಟಿರುವ ಕ್ಯಾಲ್ಸಿಯಂ ಕಾರ್ಬೊನೇಟ್ 1085ರ ಸುಮಾರಿನಲ್ಲಿ ಪ್ರಬಲ ಶಿಖರವನ್ನು ಕೊಡುತ್ತದೆ. ಆದರೆ ಅಂಕೋಲೆಯ ದಂಡೆಯಿಂದ ಹೆಕ್ಕಿದ ಚಿಪ್ಪೊಂದರಲ್ಲಿ ಸುಣ್ಣದ ಜತೆಗೆ ಜೀವಿಯು ಸ್ರವಿಸಿದ ಸಾವಯವ ಪದಾರ್ಥವೂ ಬಣ್ಣವೂ ಸೇರಿರುತ್ತವೆ. ಲೇಸರ್ ಬೆಳಕು ತಾಗಿದೊಡನೆ ಇವು ಬೆಳಕನ್ನು ಹೀರಿ, ತಮ್ಮದೇ ಆದ ಬೇರೆ ಬಣ್ಣದ ಬೆಳಕನ್ನು ಹೊರಸೂಸುತ್ತವೆ. ಇದು ಪ್ರತಿದೀಪ್ತಿ. ರಾಮನ್ ಬೆಳಕಿಗಿಂತ ಇದು ಅನೇಕ ಪಟ್ಟು ಪ್ರಬಲವಾಗಿರಬಹುದು. ನಕ್ಷೆಯಲ್ಲಿ ಅಗಲವಾದ, ನಯವಾದ ದಿಬ್ಬವಾಗಿ ಕಾಣುತ್ತದೆ.

ಕಾರವಾರದ ಗುಡ್ಡಗಳ ಇಳಿಜಾರಿನಲ್ಲಿ ನಿಂತ ತೆಂಗಿನಮರಗಳನ್ನು ಕಡಲಿನಿಂದ ನೋಡಿದಾಗ ಇದೇ ಸಮಸ್ಯೆ ಎದುರಾಗುತ್ತದೆ. ಮರದ ತುದಿ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಸುಲಭವಾಗಿ ತಿಳಿಯುತ್ತದೆ. ಮರದ ನಿಜವಾದ ಎತ್ತರ ತಿಳಿಯಬೇಕಾದರೆ ಅದು ನಿಂತ ನೆಲದ ಎತ್ತರವನ್ನು ಕಳೆಯಬೇಕು. ಮರದ ಬುಡ ಕಾಣದಿದ್ದಾಗ ಆಚೀಚೆಯ ನೆಲವನ್ನು ನೋಡಿ ಬುಡದ ಮಟ್ಟವನ್ನು ಊಹಿಸಬೇಕಾಗುತ್ತದೆ. ರೋಹಿತದಲ್ಲಿ ಹಿನ್ನೆಲೆಯನ್ನು ಕಳೆಯುವುದೆಂದರೆ ಶಿಖರಗಳ ಅಡಿಯಲ್ಲಿ ಮರೆಯಾದ ನೆಲವನ್ನು ಹೀಗೆ ಊಹಿಸುವುದೇ. ಊಹಿಸಿದ ಆ ಗೆರೆಗೆ ಆಧಾರರೇಖೆ ಎಂದು ಹೆಸರು.

ಇಲ್ಲಿ ಕೆಲವು ಪರಿಭಾಷೆಗಳನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ. ನಯವಾಗಿ ಏರಿಳಿಯುವ ಅನಪೇಕ್ಷಿತ ಬೆಳಕೆಲ್ಲವೂ ಹಿನ್ನೆಲೆ. ಅದಕ್ಕೆ ಪ್ರತಿದೀಪ್ತಿ ಮುಖ್ಯ ಕಾರಣವಾದರೂ ಏಕೈಕ ಕಾರಣವಲ್ಲ. ಮಾದರಿಯನ್ನಿರಿಸಿದ ಗಾಜು, ಕೋಣೆಯ ದೀಪ, ಗ್ರಾಹಕದ ಸ್ವಂತ ವಿದ್ಯುತ್ತು ಇವೂ ಅದಕ್ಕೆ ಸೇರುತ್ತವೆ. ಗದ್ದಲವೆಂಬುದು ಬೇರೆ, ಅದು ಬಿಂದುವಿನಿಂದ ಬಿಂದುವಿಗೆ ಗೊತ್ತುಗುರಿಯಿಲ್ಲದೆ ಆಗುವ ಏರುಪೇರು. ವಿಶ್ವಕಿರಣಗಳು ಗ್ರಾಹಕಕ್ಕೆ ತಾಗಿದಾಗ ಏಳುವ ಸೂಜಿಯಂಥ ಮುಳ್ಳುಗಳು ಇನ್ನೂ ಬೇರೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ಚಿಕಿತ್ಸೆಯಿದೆ. ಗ್ರಂಥಸಂಪಾದಕನು ಲಿಪಿಕಾರನ ಕೈತಪ್ಪು, ಪ್ರಕ್ಷೇಪ, ಹುಳು ತಿಂದ ಜಾಗ ಇವನ್ನು ಒಂದೇ ಎಂದು ಎಣಿಸದಿರುವಂತೆಯೇ ಇದು.

4. ಕಳೆಯುವ ವಿಧಾನಗಳು

ಕಳೆಯುವ ಕ್ರಮಗಳನ್ನು ಸ್ಥೂಲವಾಗಿ ಎರಡಾಗಿ ವಿಂಗಡಿಸಬಹುದು. ಅಳತೆಯ ಹೊತ್ತಿನಲ್ಲೇ ಹಿನ್ನೆಲೆ ಬಾರದಂತೆ ತಡೆಯುವುದು ಮೊದಲನೆಯದು; ಬಂದ ಮೇಲೆ ಗಣಿತದಿಂದ ತೆಗೆಯುವುದು ಎರಡನೆಯದು.

ಮೊದಲ ವರ್ಗದಲ್ಲಿ ಸರಳವಾದದ್ದು ಲೇಸರಿನ ಬಣ್ಣವನ್ನು ಬದಲಿಸುವುದು. ಹಸಿರು ಬಣ್ಣದ 532 ನ್ಯಾನೊಮೀಟರ್ ಲೇಸರ್ ಬಳಸಿದರೆ ಚಿಪ್ಪಿನ 1085ರ ಶಿಖರ ಸುಮಾರು 564.6 ನ್ಯಾನೊಮೀಟರಿನಲ್ಲಿ ಕಾಣುತ್ತದೆ. ಅವಕೆಂಪಿನ ಅಂಚಿನಲ್ಲಿರುವ 785 ನ್ಯಾನೊಮೀಟರ್ ಲೇಸರ್ ಬಳಸಿದರೆ ಅದೇ ಶಿಖರ ಸುಮಾರು 858 ನ್ಯಾನೊಮೀಟರಿಗೆ ಸರಿಯುತ್ತದೆ. ಅಂದರೆ ರಾಮನ್ ಶಿಖರ ಲೇಸರನ್ನು ಹಿಂಬಾಲಿಸಿ ಸಾಗುತ್ತದೆ. ಪ್ರತಿದೀಪ್ತಿಯಾದರೋ ಬಹುಮಟ್ಟಿಗೆ ತನ್ನ ಜಾಗದಲ್ಲೇ ನಿಲ್ಲುತ್ತದೆ. ಕಡಿಮೆ ಶಕ್ತಿಯ ಬೆಳಕನ್ನು ಬಹಳಷ್ಟು ಸಾವಯವ ಪದಾರ್ಥಗಳು ಹೀರಲಾರವಾದ್ದರಿಂದ ಪ್ರತಿದೀಪ್ತಿಯೂ ತಗ್ಗುತ್ತದೆ. ಆದರೆ ಇದಕ್ಕೆ ಬೆಲೆ ತೆರಬೇಕು. ಚದರಿಕೆಯ ಬಲ ಆವೃತ್ತಿಯ ನಾಲ್ಕನೆಯ ಘಾತವನ್ನು ಅವಲಂಬಿಸಿರುವುದರಿಂದ, 532ರ ಬದಲು 785 ನ್ಯಾನೊಮೀಟರ್ ಬಳಸಿದರೆ ರಾಮನ್ ಬೆಳಕು ಸುಮಾರು ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. 1064 ಬಳಸಿದರೆ ಹದಿನಾರನೆಯ ಒಂದು ಭಾಗಕ್ಕೆ.

ಲೇಸರನ್ನು ಅತ್ಯಲ್ಪ ಪ್ರಮಾಣದಲ್ಲಿ ಸರಿಸಿ ಎರಡು ರೋಹಿತಗಳನ್ನು ಪಡೆದು, ಒಂದರಿಂದ ಇನ್ನೊಂದನ್ನು ಕಳೆಯುವುದು ಇನ್ನೊಂದು ಉಪಾಯ. ಕದಲದ ಪ್ರತಿದೀಪ್ತಿ ವಜಾ ಆಗುತ್ತದೆ, ಕದಲಿದ ರಾಮನ್ ಶಿಖರ ಉಳಿಯುತ್ತದೆ. ಪಾಠಾಂತರಗಳಿರುವ ಎರಡು ಪ್ರತಿಗಳನ್ನು ಎದುರುಬದುರು ಇಟ್ಟು ಓದುವ ಕ್ರಮವನ್ನು ಇದು ನೆನಪಿಸುತ್ತದೆ. ಕಾಲದ ಅಂತರವನ್ನು ಬಳಸುವ ವಿಧಾನವೂ ಇದೆ. ರಾಮನ್ ಚದರಿಕೆ ಬೆಳಕು ತಾಗಿದ ಕ್ಷಣದಲ್ಲೇ ನಡೆದುಹೋಗುತ್ತದೆ. ಪ್ರತಿದೀಪ್ತಿ ಸಾಮಾನ್ಯವಾಗಿ ಕೆಲವು ನ್ಯಾನೊಸೆಕೆಂಡುಗಳಷ್ಟು ತಡವಾಗಿ ಬರುತ್ತದೆ. ಗ್ರಾಹಕದ ಬಾಗಿಲನ್ನು ಅಷ್ಟರೊಳಗೆ ಮುಚ್ಚಿದರೆ ತಡವಾಗಿ ಬಂದ ಬೆಳಕು ಹೊರಗುಳಿಯುತ್ತದೆ. ಮಾದರಿಗೆ ಬಹಳ ಹೊತ್ತು ಲೇಸರ್ ತಾಗಿಸಿ ಪ್ರತಿದೀಪ್ತಿ ಕೊಡುವ ಪದಾರ್ಥವನ್ನೇ ಕುಂದಿಸುವ ಕ್ರಮವೂ ರೂಢಿಯಲ್ಲಿದೆ. ಹಳೆಯ ಹಸ್ತಪ್ರತಿಯಂಥ, ಮತ್ತೊಂದು ಪ್ರತಿಯಿಲ್ಲದ ವಸ್ತುವಿಗೆ ಇದು ಸಲ್ಲದು.

ಗಣಿತದ ವಿಧಾನಗಳಲ್ಲಿ ಪ್ರಾಥಮಿಕವಾದದ್ದು ಶಿಖರದ ಎರಡು ಮಗ್ಗುಲಿನ ಬಿಂದುಗಳನ್ನು ನೇರಗೆರೆಯಿಂದ ಜೋಡಿಸುವುದು. ಹಿನ್ನೆಲೆ ಬಾಗಿದ್ದಾಗ ಬಹುಪದೋಕ್ತಿಯ ವಕ್ರರೇಖೆಯನ್ನು ಹೊಂದಿಸುತ್ತಾರೆ. ಆದರೆ ರೋಹಿತಕ್ಕೆ ನೇರವಾಗಿ ಹೊಂದಿಸಿದರೆ ಶಿಖರಗಳೇ ಆ ರೇಖೆಯನ್ನು ಮೇಲಕ್ಕೆ ಎಳೆಯುತ್ತವೆ. ಈ ತೊಡಕಿಗೆ 2003ರಲ್ಲಿ ಲೀಬರ್ ಮತ್ತು ಮಹಾದೇವನ್-ಜಾನ್ಸನ್ ಅವರು ಸರಳ ಪರಿಹಾರವೊಂದನ್ನು ಪ್ರಕಟಿಸಿದರು. ವಕ್ರರೇಖೆಯನ್ನು ಒಮ್ಮೆ ಹೊಂದಿಸುವುದು, ರೇಖೆಗಿಂತ ಮೇಲಿರುವ ಬಿಂದುಗಳನ್ನೆಲ್ಲ ರೇಖೆಯ ಮಟ್ಟಕ್ಕೆ ಕತ್ತರಿಸುವುದು, ಮತ್ತೆ ಹೊಂದಿಸುವುದು, ಹೀಗೆ ಬದಲಾವಣೆ ನಿಲ್ಲುವವರೆಗೆ ಮುಂದುವರಿಸುವುದು. ಪ್ರತಿ ಸುತ್ತಿಗೂ ಶಿಖರಗಳ ಎಳೆತ ಕಡಿಮೆಯಾಗುತ್ತ ರೇಖೆ ನೆಲಕ್ಕೆ ಇಳಿಯುತ್ತದೆ.

2005ರಲ್ಲಿ ಐಲರ್ಸ್ ಮತ್ತು ಬೂಲೆನ್ಸ್ ಅವರು ನಿರೂಪಿಸಿದ 'ಅಸಮ ಕನಿಷ್ಠವರ್ಗ' ವಿಧಾನ ಇದಕ್ಕಿಂತ ಸೂಕ್ಷ್ಮವಾದದ್ದು. ಇದರ ಮೂಲದಲ್ಲಿ 1923ರಲ್ಲಿ ವಿಟೇಕರ್ ಅವರು ಕೊಟ್ಟ ನಯಗೊಳಿಸುವ ಕ್ರಮವಿದೆ. ರೇಖೆಯ ಮುಂದೆ ಎರಡು ಷರತ್ತುಗಳನ್ನು ಇಡಲಾಗುತ್ತದೆ: ಬಿಂದುಗಳಿಗೆ ಹತ್ತಿರವಿರಬೇಕು, ಹೆಚ್ಚು ಬಳುಕಲೂಬಾರದು. ಅದರ ಜತೆಗೆ ಪಕ್ಷಪಾತವೊಂದನ್ನು ಬೇಕೆಂದೇ ಸೇರಿಸಲಾಗುತ್ತದೆ. ರೇಖೆಗಿಂತ ಕೆಳಗಿರುವ ಬಿಂದುವಿನ ಮಾತಿಗೆ ಹೆಚ್ಚು ತೂಕ, ಮೇಲಿರುವ ಬಿಂದುವಿನ ಮಾತಿಗೆ ಅತ್ಯಲ್ಪ ತೂಕ. ಬಾಗುವ ಬೆತ್ತವೊಂದನ್ನು ಕೆಳಗಿನಿಂದ ನಕ್ಷೆಗೆ ಒತ್ತಿ ಹಿಡಿದಂತೆ ಈ ರೇಖೆ ವರ್ತಿಸುತ್ತದೆ. ಬೆತ್ತ ಎಷ್ಟು ಬಿಗಿ ಇರಬೇಕು, ಪಕ್ಷಪಾತ ಎಷ್ಟಿರಬೇಕು ಎಂಬ ಎರಡು ಸಂಖ್ಯೆಗಳನ್ನು ಮಾತ್ರ ಸಂಶೋಧಕನೇ ಆಯ್ದುಕೊಳ್ಳಬೇಕು. ಈ ಆಯ್ಕೆಯನ್ನು ಇನ್ನಷ್ಟು ಸ್ವಯಂಚಾಲಿತಗೊಳಿಸುವ ವಿಧಾನಗಳು 2010ರ ಬಳಿಕ ಬಂದಿವೆ. ಕಲಿತ ಮಾದರಿಗಳಿಂದ ಹಿನ್ನೆಲೆಯನ್ನು ಗುರುತಿಸುವ ಗಣಕಯಂತ್ರದ ಕ್ರಮಗಳೂ ಬಳಕೆಗೆ ಬಂದಿವೆ. ಆದರೆ ಕಲಿತದ್ದನ್ನೇ ಎಲ್ಲೆಡೆ ಕಾಣುವ ಅಪಾಯ ಇಂಥ ಕ್ರಮಕ್ಕಿದೆ. ಮೊದಲೇ ತೀರ್ಮಾನಿಸಿಕೊಂಡು ಓಲೆ ಬಿಚ್ಚಿದ ಸಂಪಾದಕನ ಅಪಾಯವೂ ಇದೇ.

5. ಕಳೆದರೂ ಉಳಿಯುವುದು, ಕಳೆಯಬಾರದ್ದು ಹೋಗುವುದು

ಹಿನ್ನೆಲೆಯನ್ನು ಕಳೆದೊಡನೆ ರೋಹಿತ ಶುದ್ಧವಾಯಿತೆಂದು ಭಾವಿಸುವುದು ತಪ್ಪು. ವಿವರಣೆಗಾಗಿ ಕಾಲ್ಪನಿಕ ಅಂಕಿಗಳನ್ನು ತೆಗೆದುಕೊಳ್ಳೋಣ. ಚಿಪ್ಪಿನ ರೋಹಿತದಲ್ಲಿ 1060ರಲ್ಲಿ 8,200, 1085ರಲ್ಲಿ 9,100, 1110ರಲ್ಲಿ 8,000 ಬೆಳಕಿನ ಕಣಗಳು ಎಣಿಕೆಯಾದುವೆಂದು ಇಟ್ಟುಕೊಳ್ಳೋಣ. ಮಗ್ಗುಲಿನ ಬಿಂದುಗಳನ್ನು ಜೋಡಿಸಿದ ಗೆರೆ 1085ರಲ್ಲಿ 8,100 ಆಗುತ್ತದೆ. ಆದುದರಿಂದ ಶಿಖರದ ಎತ್ತರ 1,000. ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಬೆಳಕಿನ ಕಣಗಳ ಎಣಿಕೆಯಲ್ಲಿ ಸಹಜವಾಗಿರುವ ಏರುಪೇರು ಎಣಿಕೆಯ ವರ್ಗಮೂಲದಷ್ಟಿರುತ್ತದೆ. 9,100ರ ವರ್ಗಮೂಲ ಸುಮಾರು 95. ಹಿನ್ನೆಲೆಯ 8,100ನ್ನು ಕಳೆದರೂ ಅದು ಹುಟ್ಟಿಸಿದ ಏರುಪೇರು ಕಳೆಯುವುದಿಲ್ಲ. ಸಾವಿರದ ಶಿಖರ ಇದನ್ನು ತಾಳಿಕೊಳ್ಳುತ್ತದೆ. ಆದರೆ ಪಕ್ಕದಲ್ಲೇ 60 ಕಣಗಳಷ್ಟು ಮಾತ್ರ ಎತ್ತರದ ಪುಟ್ಟ ಶಿಖರವೊಂದಿದ್ದರೆ ಅದು 90ರ ಗದ್ದಲದಲ್ಲಿ ಮುಳುಗುತ್ತದೆ. ಹಿನ್ನೆಲೆ ಮೊದಲೇ 900 ಇದ್ದಿದ್ದರೆ ಏರುಪೇರು ಸುಮಾರು 31 ಆಗಿ, ಪುಟ್ಟ ಶಿಖರ ತಲೆಯೆತ್ತಿ ಕಾಣುತ್ತಿತ್ತು. ಅಂದಮೇಲೆ ಹಿನ್ನೆಲೆಯನ್ನು ಬಾರದಂತೆ ತಡೆಯುವುದಕ್ಕೂ ಬಂದ ಮೇಲೆ ಕಳೆಯುವುದಕ್ಕೂ ಅಜಗಜಾಂತರವಿದೆ. ಓಲೆಯ ಮೇಲಿನ ಕಲೆಯನ್ನು ತೊಡೆಯಬಹುದು. ಕಲೆಯಡಿಯಲ್ಲಿ ಸವೆದ ಅಕ್ಷರ ಮರಳುವುದಿಲ್ಲ.

ಪುಟ್ಟ ಶಿಖರವೊಂದು ಹೋದರೆ ಏನು ನಷ್ಟ ಎಂಬ ಪ್ರಶ್ನೆ ಏಳಬಹುದು. ಕ್ಯಾಲ್ಸಿಯಂ ಕಾರ್ಬೊನೇಟ್ ಕ್ಯಾಲ್ಸೈಟ್ ಮತ್ತು ಅರಗೊನೈಟ್ ಎಂಬ ಎರಡು ರೂಪಗಳಲ್ಲಿ ಚಿಪ್ಪುಗಳಲ್ಲಿ ದೊರೆಯುತ್ತದೆ. ಎರಡರ ಪ್ರಬಲ ಶಿಖರವೂ 1085ರ ಆಸುಪಾಸಿನಲ್ಲೇ ಇದೆ. ಅದೊಂದರಿಂದಲೇ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಕ್ಯಾಲ್ಸೈಟಿನಲ್ಲಿ 712 ಮತ್ತು 282ರ ಹತ್ತಿರ, ಅರಗೊನೈಟಿನಲ್ಲಿ 703 ಮತ್ತು 206ರ ಹತ್ತಿರ ಇರುವ ಚಿಕ್ಕ ಶಿಖರಗಳೇ ಇವುಗಳ ಅಂತರವನ್ನು ಹೇಳುತ್ತವೆ. ಅತಿಯಾಗಿ ಬಳುಕುವ ಆಧಾರರೇಖೆ ಈ ಚಿಕ್ಕ ಶಿಖರಗಳನ್ನು ನುಂಗಿಬಿಟ್ಟರೆ ಉಳಿಯುವುದು 'ಸುಣ್ಣ' ಎಂಬ ಸಾಮಾನ್ಯ ಉತ್ತರ ಮಾತ್ರ.

ತಾಳೆಗರಿಯ ವಿಷಯದಲ್ಲಿ ಅಪಾಯ ಇನ್ನೂ ಗಂಭೀರವಾದದ್ದು. ಕಂಠದಿಂದ ಕೊರೆದ ಅಕ್ಷರಗಳಿಗೆ ತುಂಬುತ್ತಿದ್ದ ದೀಪದ ಮಸಿ ಮುಖ್ಯವಾಗಿ ಇಂಗಾಲ. ಇಂಥ ಇಂಗಾಲ ರಾಮನ್ ರೋಹಿತದಲ್ಲಿ 1350 ಮತ್ತು 1580ರ ಸುಮಾರಿನಲ್ಲಿ ಎರಡು ಅಗಲವಾದ ದಿಬ್ಬಗಳನ್ನು ಕೊಡುತ್ತದೆ. ತಾಳೆಗರಿಯ ನಾರಿನಲ್ಲಿರುವ ಲಿಗ್ನಿನ್ ಪ್ರಬಲವಾದ ಪ್ರತಿದೀಪ್ತಿಯನ್ನು ಕೊಡುತ್ತದೆ. ಅದೂ ಅಗಲವಾದ ದಿಬ್ಬವೇ. ಆಧಾರರೇಖೆಯ ಗಣಿತ 'ಅಗಲವಾದದ್ದು ಹಿನ್ನೆಲೆ, ಚೂಪಾದದ್ದು ಶಿಖರ' ಎಂಬ ಒಂದೇ ನಂಬಿಕೆಯ ಮೇಲೆ ನಿಂತಿದೆ. ಮಸಿ ಆ ನಂಬಿಕೆಗೆ ಒಳಪಡುವುದಿಲ್ಲ. ಅಜಾಗರೂಕತೆಯಿಂದ ಕಳೆದರೆ ಓಲೆಯ ಜತೆಗೆ ಅಕ್ಷರವೂ ಕಳೆದುಹೋಗುತ್ತದೆ. ಅಕ್ಷರವಿಲ್ಲದ ಓಲೆಯ ಭಾಗವನ್ನು ಪ್ರತ್ಯೇಕವಾಗಿ ಅಳೆದು ಹೋಲಿಸಿ ನೋಡುವುದೇ ಇಲ್ಲಿ ಹೆಚ್ಚು ಸುರಕ್ಷಿತವಾದ ದಾರಿ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು ಮಾಡುತ್ತಿದ್ದ ಕಡತಗಳಲ್ಲಿ ಸ್ಥಿತಿ ತಿರುವುಮುರುವು. ಅಲ್ಲಿ ಇಂಗಾಲವೇ ಹಾಳೆ. ಬಳಪದ ಬಿಳಿಯ ಗೆರೆಯೇ ಅಕ್ಷರ. ಒಂದೇ ಇಂಗಾಲ ತಾಳೆಗರಿಯಲ್ಲಿ ಪಾಠವೂ ಕಡತದಲ್ಲಿ ಹಿನ್ನೆಲೆಯೂ ಆಗಿದೆ.

6. ಪಾತ್ರಗಳ ಅದಲುಬದಲು

ಹಿನ್ನೆಲೆ ಎಂಬುದು ವಸ್ತುವಿನ ಗುಣವಲ್ಲ, ಪ್ರಶ್ನೆಯ ಗುಣ ಎಂಬುದನ್ನು ಕಡಲತಡಿಯ ಎರಡು ಉದಾಹರಣೆಗಳು ಸ್ಪಷ್ಟಪಡಿಸುತ್ತವೆ.

ಮೊದಲನೆಯದು ಉಪ್ಪು. 1930ರ ಉಪ್ಪಿನ ಸತ್ಯಾಗ್ರಹದಿಂದ ಅಂಕೋಲೆಯ ಹೆಸರು ನಾಡಿನ ಚರಿತ್ರೆಯಲ್ಲಿ ಸ್ಥಿರವಾಗಿದೆ. ನೆರೆಯ ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಆಗರಗಳು ಉಪ್ಪಿಗೆ ಹೆಸರಾದವು. ಇಷ್ಟು ಪರಿಚಿತವಾದ ಉಪ್ಪಿನ ಹರಳು ರಾಮನ್ ರೋಹಿತದಲ್ಲಿ ಬಹುಮಟ್ಟಿಗೆ ಮೌನಿ. ಅದರ ಹರಳಿನ ರಚನೆಯಲ್ಲಿ ಪ್ರತಿಯೊಂದು ಅಯಾನೂ ಸಮಮಿತಿಯ ಕೇಂದ್ರದಲ್ಲಿರುವುದರಿಂದ ಪ್ರಥಮ ಶ್ರೇಣಿಯ ರಾಮನ್ ಚದರಿಕೆ ನಡೆಯುವುದೇ ಇಲ್ಲ. 1931ರಲ್ಲಿ ಫರ್ಮಿ ಮತ್ತು ರಸೆಟ್ಟಿ ಕಲ್ಲುಪ್ಪಿನಲ್ಲಿ ಕಂಡದ್ದು ಅತಿ ಮಂದವಾದ ದ್ವಿತೀಯ ಶ್ರೇಣಿಯ ರೋಹಿತವನ್ನು. ಆದರೆ ಕಡಲನೀರು ಆರುವಾಗ ಉಪ್ಪಿಗಿಂತ ಮೊದಲು ಹರಳುಗಟ್ಟುವ ಜಿಪ್ಸಮ್ 1008ರಲ್ಲಿ ಸ್ಪಷ್ಟ ಶಿಖರವನ್ನು ಕೊಡುತ್ತದೆ. ಕಡಲುಪ್ಪಿನ ರೋಹಿತವೆಂದರೆ ಉಪ್ಪಿನ ಒಡನಾಡಿಗಳ ರೋಹಿತ. ಪ್ರಮಾಣದಲ್ಲಿ ಅಲ್ಪವಾದದ್ದೇ ಅಲ್ಲಿ ಮಾತನಾಡುತ್ತದೆ.

ಎರಡನೆಯದು ಕಾಳಿನದಿ. ಸದಾಶಿವಗಡ ಮತ್ತು ಕೋಡಿಬಾಗದ ನಡುವೆ ಕಡಲು ಸೇರುವ ಈ ನದಿ ಸಹ್ಯಾದ್ರಿಯ ಕಾಡುಗಳ ನಡುವೆ ಹರಿದು ಬರುತ್ತದೆ. ಕೊಳೆತ ಎಲೆ, ಮಣ್ಣುಗಳಿಂದ ಕರಗಿ ಬರುವ ಸಾವಯವ ಪದಾರ್ಥ ಯಾವುದೇ ಕಾಡುನದಿಯ ನೀರಿನಲ್ಲೂ ಇರುತ್ತದೆ. ಅದನ್ನು ಅಳೆಯಬಯಸುವ ಕಡಲವಿಜ್ಞಾನಿಗೆ ಪ್ರತಿದೀಪ್ತಿಯೇ ಸಂಕೇತ. ಆತ 350 ನ್ಯಾನೊಮೀಟರಿನ ನೇರಳಾತೀತ ಬೆಳಕನ್ನು ನೀರಿಗೆ ಹಾಯಿಸಿದಾಗ, ನೀರಿನ ಅಣುಗಳ ರಾಮನ್ ಶಿಖರ ಸುಮಾರು 397 ನ್ಯಾನೊಮೀಟರಿನಲ್ಲಿ ಎದ್ದು ಅವನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಶುದ್ಧ ನೀರಿನ ರೋಹಿತವನ್ನು ಅಳೆದು ಅದನ್ನು ಆತ ಕಳೆಯುತ್ತಾನೆ. ಅಂದರೆ ಇಲ್ಲಿ ರಾಮನ್ ಪರಿಣಾಮವೇ ಹಿನ್ನೆಲೆ. ಇಷ್ಟಾದರೂ ಆತ ಅದನ್ನು ಎಸೆಯುವುದಿಲ್ಲ. ನೀರಿನ ಈ ಶಿಖರದ ವಿಸ್ತೀರ್ಣ ಸ್ಥಿರವಾದದ್ದರಿಂದ ಬೇರೆ ಬೇರೆ ಉಪಕರಣಗಳ ಅಳತೆಗಳನ್ನು ಹೋಲಿಸಲು ಅದನ್ನೇ ಮಾನದಂಡವಾಗಿ ಬಳಸುತ್ತಾರೆ. ಕಳೆದದ್ದೇ ಅಳತೆಗೋಲಾಗುವ ಈ ಕ್ರಮ ನಮಗೆ ಮುಖ್ಯವಾದದ್ದು.

7. ನಮ್ಮ ಕ್ಷೇತ್ರಕ್ಕೆ ಅನ್ವಯ

ಕನ್ನಡ ಗ್ರಂಥಸಂಪಾದನೆಯ ಶಾಸ್ತ್ರವನ್ನು ರೂಪಿಸಿದ ಡಿ. ಎಲ್. ನರಸಿಂಹಾಚಾರ್, ಎಂ. ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರಿಂದ ನಮಗೆ ದೊರೆತಿರುವ ಶಿಸ್ತಿನಲ್ಲಿ ಪಾಠಾಂತರಗಳನ್ನು ಅಡಿಯಲ್ಲಿ ದಾಖಲಿಸುವುದು ಕಡ್ಡಾಯವೆನ್ನುವಷ್ಟು ರೂಢಿಯಾಗಿದೆ. ಸಂಪಾದಕನು ತಾನು ಸ್ವೀಕರಿಸಿದ ಪಾಠವನ್ನು ಮೇಲೆ ಕೊಡುತ್ತಾನೆ; ಬಿಟ್ಟದ್ದನ್ನು ಕೆಳಗೆ ಕೊಡುತ್ತಾನೆ. ಮುಂದಿನ ಓದುಗನು ಆ ತೀರ್ಮಾನವನ್ನು ಪ್ರಶ್ನಿಸಲು ಇದರಿಂದ ಅವಕಾಶ ಉಳಿಯುತ್ತದೆ. ಒಂದು ಪ್ರಶ್ನೆಗೆ ದೋಷವಾಗಿದ್ದ ಲಿಪಿಕಾರನ ಬರವಣಿಗೆ ಇನ್ನೊಂದು ಪ್ರಶ್ನೆಗೆ ಆತನ ಕಾಲದ, ಪ್ರದೇಶದ ಆಡುನುಡಿಗೆ ಸಾಕ್ಷಿಯಾಗುತ್ತದೆ. ರೋಹಿತವಿಜ್ಞಾನಿಗಳು ಮೂಲ ದತ್ತಾಂಶವನ್ನೂ ಬಳಸಿದ ವಿಧಾನವನ್ನೂ ಆಯ್ದ ಸಂಖ್ಯೆಗಳನ್ನೂ ಪ್ರಕಟಿಸಬೇಕೆಂದು ಒತ್ತಾಯಿಸುವುದರ ಹಿಂದೆ ಇರುವ ತತ್ತ್ವವೂ ಇದೇ.

ಈ ಶಿಸ್ತು ಹಸ್ತಪ್ರತಿಗಳಲ್ಲಿ ಬೇರೂರಿದಷ್ಟು ಜಾನಪದ ಸಂಗ್ರಹದಲ್ಲಿ ಬೇರೂರಿಲ್ಲ. ಪ್ರಸ್ತುತ ಲೇಖಕನ ಸ್ವಂತ ತಪ್ಪನ್ನೇ ಇಲ್ಲಿ ಹೇಳುವುದು ಉಚಿತ. ಸ್ನಾತಕೋತ್ತರ ಅಧ್ಯಯನದ ದಿನಗಳಲ್ಲಿ ಅಂಕೋಲೆಯ ಸುತ್ತಿನ ಹಳ್ಳಿಯೊಂದರಲ್ಲಿ ಹಿರಿಯ ಹೆಂಗಸೊಬ್ಬರು ಹಾಡಿದ ಹಾಡುಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದೆ. ಬರೆದುಕೊಳ್ಳುವಾಗ ನಡುನಡುವೆ ಬಂದ ಮಾತು, ನಗು, ಮರೆತು ಮತ್ತೆ ಹಿಡಿದ ಸಾಲು, ಪಕ್ಕದಲ್ಲಿ ಕುಳಿತವರು ತಿದ್ದಿದ ಪದ ಇವೆಲ್ಲವನ್ನೂ ಬಿಟ್ಟೆ. ಕೆಲವು ಕ್ರಿಯಾರೂಪಗಳನ್ನು ಶಿಷ್ಟಕನ್ನಡಕ್ಕೆ ತಿದ್ದಿದೆ. ಪ್ರಬಂಧ ಸಲ್ಲಿಸಿದ ಮೇಲೆ ಮೊಬೈಲಿನಲ್ಲಿ ಜಾಗ ಬೇಕಾಗಿ ಧ್ವನಿಮುದ್ರಿಕೆಗಳನ್ನು ಅಳಿಸಿದೆ. ಕೆಲವು ವರ್ಷಗಳ ಬಳಿಕ ಆ ಹಾಡುಗಳ ಭಾಷಾರೂಪದ ಬಗ್ಗೆ ನನ್ನಲ್ಲೇ ಪ್ರಶ್ನೆಯೆದ್ದಾಗ ಉತ್ತರ ಹೇಳಬಲ್ಲ ದಾಖಲೆ ಉಳಿದಿರಲಿಲ್ಲ. ಮತ್ತೆ ಹೋಗಿ ಕೇಳೋಣವೆಂದರೆ ಹಾಡಿದವರೂ ಇರಲಿಲ್ಲ. ನಾನು ಕಳೆದದ್ದು ಗದ್ದಲವನ್ನಲ್ಲ. ಯಾರು ಯಾರನ್ನು ತಿದ್ದುತ್ತಿದ್ದರು, ಯಾವ ಪದಕ್ಕೆ ನಕ್ಕರು ಎಂಬ ಪರಂಪರೆಯ ನಡೆಯನ್ನೇ ಕಳೆದಿದ್ದೆ. ಸಾಹಿತ್ಯದ ವಿದ್ಯಾರ್ಥಿ ಹಿನ್ನೆಲೆಯೆಂದು ಮೊದಲ ಅಧ್ಯಾಯದಲ್ಲಿ ಹುಡುಕಿ ಸೇರಿಸಬೇಕಾದದ್ದನ್ನು ದತ್ತಾಂಶದಲ್ಲೇ ಇದ್ದಾಗ ಅಳಿಸಿದ್ದೆ.

ಹಾಲಕ್ಕಿ ಹಾಡುಗಳ ಹಿರಿಯ ದನಿಯಾಗಿದ್ದ ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರು 2017ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾಗಿ, 2025ರ ಫೆಬ್ರವರಿಯಲ್ಲಿ ನಿಧನರಾದರು. ಅವರಂಥ ಹಾಡುಗಾರ್ತಿಯರ ಧ್ವನಿಮುದ್ರಿಕೆಗಳೇ ಇನ್ನು ಮುಂದೆ ಮೂಲಪ್ರತಿಗಳು. ಗಣಕಯಂತ್ರದ ಒಂದು ಗುಂಡಿಯಿಂದ ಹಿನ್ನೆಲೆಯ ಸದ್ದನ್ನು ತೆಗೆಯುವ ಸೌಲಭ್ಯ ಇಂದು ಎಲ್ಲರ ಕೈಯಲ್ಲಿದೆ. ಆ ಗುಂಡಿಯೂ ಒಂದು ಆಧಾರರೇಖೆಯೇ. ಅದು ಯಾವುದನ್ನು ಮಾತೆಂದೂ ಯಾವುದನ್ನು ಸದ್ದೆಂದೂ ನಂಬಿದೆ ಎಂಬುದನ್ನು ತಿಳಿಯದೆ ಒತ್ತುವುದು ತರವಲ್ಲ.

ಈ ವಿವೇಚನೆಯಿಂದ ನಾಲ್ಕು ಸೂಚನೆಗಳನ್ನು ಮುಂದಿಡಬಹುದು. ಒಂದು, ತಿದ್ದದ ಮೂಲವನ್ನು ಎಂದಿಗೂ ಅಳಿಸಬಾರದು. ತಿದ್ದಿದ್ದನ್ನು ಪ್ರತಿಯ ಮೇಲೆ ಮಾತ್ರ ತಿದ್ದಬೇಕು. ಎರಡು, ಏನನ್ನು ಯಾವ ಕ್ರಮದಿಂದ ಬಿಟ್ಟೆವೆಂಬುದನ್ನು ಪ್ರಬಂಧದಲ್ಲಿ ಬರೆಯಬೇಕು. ಮೂರು, ಒಂದೇ ದತ್ತಾಂಶವನ್ನು ಎರಡು ಬೇರೆ ಕ್ರಮಗಳಿಂದ ಪರಿಷ್ಕರಿಸಿ ನೋಡಬೇಕು. ಕ್ರಮ ಬದಲಾದೊಡನೆ ಮಾಯವಾಗುವ ಶಿಖರವನ್ನೂ ಪಾಠವನ್ನೂ ಸಂಶಯದಿಂದ ಕಾಣಬೇಕು. ನಾಲ್ಕು, ಹಸ್ತಪ್ರತಿಗಳ ಮಸಿ, ಬಣ್ಣಗಳನ್ನು ರಾಮನ್ ವಿಧಾನದಿಂದ ಪರೀಕ್ಷಿಸುವ ಸಂದರ್ಭಗಳಲ್ಲಿ ಕನ್ನಡ ವಿಭಾಗದವರೂ ಜತೆಗಿರಬೇಕು. ಯಾವ ಅಕ್ಷರ ಮೂಲದ್ದು, ಯಾವುದು ಅನಂತರ ಮಸಿ ತೊಡೆದು ತಿದ್ದಿದ್ದು, ಎಲ್ಲಿ ಓಲೆ ಖಾಲಿಯಿದೆ ಎಂಬುದನ್ನು ಲಿಪಿ ಬಲ್ಲವರು ಹೇಳದೆ ಭೌತವಿಜ್ಞಾನಿಗೆ ಹಿನ್ನೆಲೆ ಎಲ್ಲಿಂದ ಆರಂಭವಾಗುತ್ತದೆ ಎಂಬುದು ತಿಳಿಯಲಾರದು.

8. ಸಮಾರೋಪ

ರಾಮನ್ ಪರಿಣಾಮ ಪ್ರಕಟವಾದ 1928ರಲ್ಲೇ, ಈ ಕಡಲತಡಿಯ ಹನೇಹಳ್ಳಿಯಲ್ಲಿ ಯಶವಂತ ಚಿತ್ತಾಲರು ಹುಟ್ಟಿದರು. ರಸಾಯನ ತಂತ್ರಜ್ಞಾನವನ್ನು ವೃತ್ತಿಯಾಗಿ ಆಯ್ದುಕೊಂಡೂ ಕನ್ನಡದ ಮುಖ್ಯ ಕತೆಗಾರರಾದ ಅವರನ್ನು ನೆನೆದರೆ, ಪ್ರಯೋಗಶಾಲೆಗೂ ಕನ್ನಡ ವಿಭಾಗಕ್ಕೂ ನಡುವೆ ನಾವು ಎಳೆದಿರುವ ಗೆರೆ ಅಷ್ಟು ಗಟ್ಟಿಯಾದದ್ದಲ್ಲವೆಂದು ತೋರುತ್ತದೆ.

ಹಿನ್ನೆಲೆಯನ್ನು ಕಳೆಯುವುದು ತಪ್ಪಲ್ಲ; ಕಳೆಯದೆ ಚಿಪ್ಪಿನ ಸುಣ್ಣವೂ ಕಾಣದು, ಕವಿಯ ಪಾಠವೂ ನಿಲ್ಲದು. ಆದರೆ ಕಳೆಯುವ ಪ್ರತಿಯೊಂದು ಕ್ರಮವೂ ಒಂದು ಊಹೆ. 1923ರಲ್ಲಿ ಕಲ್ಮಶವೆಂದು ಕಂಡದ್ದು 1928ರಲ್ಲಿ ಶೋಧವಾಗಲು ಸಾಧ್ಯವಾದದ್ದು, ಆ ಮಂದ ಬೆಳಕನ್ನು ಕಂಡವರು ಅದನ್ನು ಬರೆದಿಟ್ಟದ್ದರಿಂದ. ನಮ್ಮ ಹಸ್ತಪ್ರತಿಗಳಿಗೂ ಧ್ವನಿಮುದ್ರಿಕೆಗಳಿಗೂ ಬೇಕಾದದ್ದು ಅಷ್ಟೇ: ಕಳೆದದ್ದರ ಲೆಕ್ಕವನ್ನು ಉಳಿಸಿಡುವ ಪ್ರಾಮಾಣಿಕತೆ.